ದ್ರೋಹಿಯಿರುವ ಆಟ ದ್ರೋಹ ಕಲಿಸುವುದಿಲ್ಲ

ಮಾನ್ಯರೇ,

ಮಗಳ ಶಾಲೆಯ ಶನಿವಾರದ ಚಟುವಟಿಕೆಗೆಂದು ನಾನು ಕೊಟ್ಟಿದ್ದ ‘ಶಾಡೋಸ್ ಓವರ್ ಕ್ಯಾಮೆಲಾಟ್’ ಎಂಬ ಬೋರ್ಡ್ ಗೇಮ್, ‘ಇದು ಮಕ್ಕಳಿಗೆ ಮೋಸ ಕಲಿಸುತ್ತದೆ’ ಎಂಬ ಮಾತಿನೊಂದಿಗೆ ಮನೆಗೆ ವಾಪಸ್ ಬಂದಿದೆ. ಆಡಿ ನೋಡದೆ ಆಡಿದ ಈ ಮಾತಿಗೆ ಉತ್ತರಿಸುವುದು ಅಗತ್ಯವೆನಿಸಿ ಬರೆಯುತ್ತಿದ್ದೇನೆ.

ಸೆರ್ಜ್ ಲಾಜೆ ಮತ್ತು ಬ್ರೂನೊ ಕಥಾಲಾ ರೂಪಿಸಿದ, 2005ರಲ್ಲಿ ಹೊರಬಂದ ಈ ಆಟಕ್ಕೆ ಮರುವರ್ಷ ಜರ್ಮನಿಯ ‘ಸ್ಪೀಲ್ ದೆಸ್ ಯಾರೆಸ್’ (‘ವರ್ಷದ ಆಟ’) ಪ್ರಶಸ್ತಿಯ ತೀರ್ಪುಗಾರರ ವಿಶೇಷ ಪ್ರಶಸ್ತಿ ಸಂದಿದೆ. ಆಟಗಾರರೆಲ್ಲ ಬ್ರಿಟನ್ನಿನ ದಂತಕಥೆಗಳ ಆರ್ಥರ್ ದೊರೆಯ ದುಂಡುಮೇಜಿನ ವೀರರಾಗಿ ಒಂದೇ ಪಕ್ಷದಲ್ಲಿ ನಿಂತು, ದಂಡೆತ್ತಿ ಬರುವ ಸ್ಯಾಕ್ಸನ್ನರನ್ನೂ ಪಿಕ್ಟರನ್ನೂ ತಡೆಯಬೇಕು, ಎಕ್ಸ್‌ಕ್ಯಾಲಿಬರ್ ಖಡ್ಗವನ್ನು ದಕ್ಕಿಸಿಕೊಳ್ಳಬೇಕು. ಗೆದ್ದ ಸಾಹಸಕ್ಕೆ ಬಿಳಿ ಕತ್ತಿ, ಸೋತದ್ದಕ್ಕೆ ಕಪ್ಪು ಕತ್ತಿ ಮೇಜು ಸೇರುತ್ತದೆ. 12 ಕತ್ತಿಗಳು ತುಂಬಿದಾಗ ಬಿಳಿಯವೇ ಹೆಚ್ಚಿರಬೇಕು, ಸಮವಾದರೂ ಸೋಲೇ. ಆರಂಭದಲ್ಲಿ ಗುಟ್ಟಾಗಿ ಹಂಚುವ ನಿಷ್ಠೆಯ ಕಾರ್ಡುಗಳು ಎಂಟು. ಅವುಗಳಲ್ಲಿ ಒಳಗಿದ್ದೇ ತಂಡವನ್ನು ಸೋಲಿಸಲು ನೋಡುವ ದ್ರೋಹಿಯದು ಒಂದೇ. ಐವರು ಆಡಿದರೆ ಮೂರು ಕಾರ್ಡುಗಳು ಪಕ್ಕಕ್ಕೆ ಉಳಿಯುವುದರಿಂದ, ದ್ರೋಹಿ ನಮ್ಮ ನಡುವೆ ಇದ್ದಾನೋ ಇಲ್ಲವೋ ಎಂಬುದೇ ಯಾರಿಗೂ ತಿಳಿದಿರುವುದಿಲ್ಲ.

ಕಳೆದ ದಸರಾ ರಜೆಯಲ್ಲಿ ನಾನು, ಮಗಳು, ಮಾವನವರು ಮತ್ತು ನಾದಿನಿಯ ಮಕ್ಕಳಿಬ್ಬರು ಆಡಲು ಕುಳಿತಿದ್ದೆವು. ಪಿಕ್ಟರು ಮೇಲೇರಿ ಬರುತ್ತಿದ್ದರೂ ಮಗಳು ಕಾರ್ಡುಗಳನ್ನು ಎದೆಗವಚಿಕೊಂಡು ಒಂದನ್ನೂ ಇಳಿಸದೆ ಕೂತಿದ್ದಳು. ಆ ಯುದ್ಧಕ್ಕೆ ಒಂದರಿಂದ ಐದರವರೆಗಿನ ಕಾರ್ಡುಗಳನ್ನು ಸಾಲಾಗಿ ಇಡಬೇಕು. ಅವಳಿಗೆ ಮೂರರ ಕಾರ್ಡು ಸಿಕ್ಕಿರಲಿಲ್ಲ, ಕೈಯಲ್ಲಿರುವ ಕಾರ್ಡುಗಳ ಅಂಕೆಯನ್ನು ಬಾಯಿಬಿಟ್ಟು ಹೇಳಲು ನಿಯಮ ಬಿಡುವುದಿಲ್ಲ. ಮಾವನವರು ಅವಳೇ ದ್ರೋಹಿಯೆಂದು ಆರೋಪ ಹೊರಿಸಿದರು. ಅವಳು ತೆರೆದು ತೋರಿಸಿದ್ದು ನಿಷ್ಠಾವಂತ ವೀರನ ಕಾರ್ಡು. ಸುಳ್ಳು ಆರೋಪಕ್ಕೆ ದಂಡವಾಗಿ ಒಂದು ಬಿಳಿ ಕತ್ತಿ ಕಪ್ಪಾಯಿತು. ಕೊನೆಗೆ ಎಣಿಸಿದರೆ ಬಿಳಿ ಆರು, ಕಪ್ಪು ಆರು. ಎಲ್ಲರೂ ಕಾರ್ಡು ತೆರೆದಾಗ ಐವರಲ್ಲಿ ಒಬ್ಬರೂ ದ್ರೋಹಿಯಾಗಿರಲಿಲ್ಲ! ‘ನಾನೇ ದುಡುಕಿದೆ, ಪುಟ್ಟಿ’ ಎಂದು ಮಾವನವರು ಮೊಮ್ಮಗಳ ತಲೆ ಸವರಿದ್ದು ನನಗೆ ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ.

ದ್ರೋಹಿಯ ಕಾರ್ಡು ಬಂದವರು ಅದನ್ನು ಮುಚ್ಚಿಡಬೇಕೆಂಬುದು ನಿಜ. ಆದರೆ ಅದು ಎಲ್ಲರೂ ಮೊದಲೇ ಒಪ್ಪಿಕೊಂಡ ಪಾತ್ರ. ನಾಟಕದಲ್ಲಿ ದುರ್ಯೋಧನನ ವೇಷ ಹಾಕಿದ ಹುಡುಗನನ್ನು ನಾವು ಯಾರೂ ಕೆಟ್ಟವನೆನ್ನುವುದಿಲ್ಲವಷ್ಟೆ. ತೀರಾ ಚಿಕ್ಕ ಮಕ್ಕಳು ಆರೋಪ ಕೇಳಿ ಅತ್ತುಬಿಡಬಹುದು, ಹಾಗಾಗಿ ಜೊತೆಗೆ ದೊಡ್ಡವರೊಬ್ಬರು ಇರಬೇಕೆಂಬುದನ್ನು ನಾನೂ ಒಪ್ಪುತ್ತೇನೆ. ಆದರೆ ಪುರಾವೆಯಿಲ್ಲದೆ ಬೆರಳು ತೋರಿಸಿದರೆ ಇಡೀ ತಂಡವೇ ಬೆಲೆ ತೆರಬೇಕಾಗುತ್ತದೆ ಎಂಬುದನ್ನು ಇಷ್ಟು ನೇರವಾಗಿ ಮನಗಾಣಿಸುವ ಇನ್ನೊಂದು ಆಟವನ್ನು ನಾನು ಕಂಡಿಲ್ಲ.

ನಿಯಮಗಳನ್ನು ಕನ್ನಡದಲ್ಲಿ ನಾಲ್ಕು ಪುಟಗಳಷ್ಟು ಬರೆದು ಪೆಟ್ಟಿಗೆಯೊಳಗೆ ಇಟ್ಟಿದ್ದೇನೆ. ಶಿಕ್ಷಕರು ಒಂದು ಶನಿವಾರ ಮಧ್ಯಾಹ್ನ ತಾವೇ ಕುಳಿತು ಆಡಲಿ, ಆ ಬಳಿಕ ಬೇಕೋ ಬೇಡವೋ ಎಂದು ತೀರ್ಮಾನಿಸಲಿ ಎಂಬುದಷ್ಟೇ ನನ್ನ ಕಳಕಳಿಯ ವಿನಂತಿ.

– ಒಬ್ಬ ಪೋಷಕಿ, ಮೈಸೂರು