ಬಿ.ಪಿ. ಮಶೀನ್ ಒಡೆದರೆ ಗುಡಿಸುವವರು ಯಾರು?

ಜಿಲ್ಲಾ ಆರೋಗ್ಯಾಧಿಕಾರಿಗಳಿಗೆ, ಕಾರವಾರ

ಮಾನ್ಯರೇ,

ನಾನು ಈ ಜಿಲ್ಲೆಯಲ್ಲೇ ನರ್ಸ್ ಆಗಿದ್ದು ನಿವೃತ್ತಳಾದವಳು. ಒಂದು ಮಳೆಗಾಲದ ಮಧ್ಯಾಹ್ನ ನಮ್ಮ ವಾರ್ಡಿನಲ್ಲಿ ಹಳೇ ಬಿ.ಪಿ. ಮಶೀನ್ ಮೇಜಿನಿಂದ ಬಿತ್ತು. ಗಾಜು ಒಡೆದು ಪಾದರಸ ಸಾಸಿವೆ ಚೆಲ್ಲಿದ ಹಾಗೆ ಓಡಿತು. ಮಂಚದ ಕಾಲಿನ ಸುತ್ತ, ಟೈಲ್ಸ್ ಸಂದಿಯಲ್ಲಿ, ಎಲ್ಲೆಲ್ಲೂ. ಆಯಾ ಕಸಬರಿಗೆ ತಂದು ಗುಡಿಸಿದಳು. ಗುಡಿಸಿದಷ್ಟೂ ಒಂದು ಹನಿ ಹತ್ತಾಯಿತು. ಉಳಿದದ್ದಕ್ಕೆ ನೀರು ಹೊಯ್ದು ಚರಂಡಿಗೆ ತಳ್ಳಿದೆವು. ಜಡಿಮಳೆ ಅಂತ ಕಿಟಕಿ ಬೇರೆ ಮುಚ್ಚಿತ್ತು. ಒಂದಿಷ್ಟನ್ನು ಇಂಜೆಕ್ಷನ್ ಬಾಟಲಿಗೆ ತುಂಬಿ ಮಕ್ಕಳಿಗೆ ಆಡಲಿಕ್ಕೆ ಮನೆಗೆ ಒಯ್ದವಳು ನಾನೇ! ಚುರುಕು ಹುಡುಗಿಯನ್ನು 'ಪಾದರಸ' ಅಂತ ಹೊಗಳುವ ಜನ ನಾವು. ಹೆದರಿಕೆ ಎಲ್ಲಿಂದ ಬರಬೇಕು?

ನುಂಗಿದ ಪಾದರಸ ಬಹುಪಾಲು ಹಾಗೇ ಹೊರಗೆ ಹೋಗುತ್ತದೆ. ಕಾಟ ಅದರ ಆವಿಯದು. ಒಲೆಯೇ ಬೇಡ, ಕೋಣೆಯ ಶಾಖಕ್ಕೇ ಆವಿಯಾಗುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ. ಉಸಿರಾಡಿದ್ದರಲ್ಲಿ ಸುಮಾರು ಶೇ. 80 ರಕ್ತ ಸೇರುತ್ತದೆ. ಥರ್ಮಾಮೀಟರಿನಲ್ಲಿ ಇರುವುದು ಒಂದು ಗ್ರಾಂ ಆಸುಪಾಸು, ಬಿ.ಪಿ. ಮಶೀನಿನಲ್ಲಿ 80-100 ಗ್ರಾಂ. ಸಂದಿಯಲ್ಲಿ ಕೂತದ್ದು ತಿಂಗಳುಗಟ್ಟಲೆ ಆವಿ ಬಿಡುತ್ತಲೇ ಇರುತ್ತದೆ. ದಿನವೂ ಅಲ್ಲೇ ಕೆಲಸ ಮಾಡುವವರಿಗೆ ಕೈ ನಡುಕ, ಮರೆವು, ಸಿಡುಕು, ನಿದ್ದೆಗೇಡು, ವಸಡು ಊತ, ಕಿಡ್ನಿ ತೊಂದರೆ ಬರಬಹುದು. ಐವತ್ತು ದಾಟಿದ ಆಯಾಗೆ ಕೈ ನಡುಗಿದರೆ 'ವಯಸ್ಸಾಯ್ತು ಬಿಡು' ಅಂತೇವೆ. ಮೂತ್ರದಲ್ಲಿ ಪಾದರಸ ಎಷ್ಟಿದೆ ಅಂತ ಪರೀಕ್ಷೆ ಮಾಡಿಸುವುದು ಯಾರಿಗೂ ಹೊಳೆಯುವುದಿಲ್ಲ.

ಪಾದರಸದ ವಿಷಬಾಧೆ ಕಂಡರೆ ವರದಿ ಮಾಡಲೇಬೇಕು ಅಂತ 1948ರ ಕಾರ್ಖಾನೆ ಕಾಯ್ದೆಯೇ ಹೇಳಿತ್ತು. ಪಾದರಸದ ಬಳಕೆ ತಗ್ಗಿಸಲು ದೇಶಗಳು ಮಾಡಿಕೊಂಡ ಮಿನಮಾಟಾ ಒಪ್ಪಂದಕ್ಕೆ ಭಾರತ 2018ರಲ್ಲಿ ಸೇರಿತು. ಇಂಥ ಮಶೀನ್‌ಗಳ ತಯಾರಿಕೆ ನಿಲ್ಲಿಸಬೇಕು ಅಂತ ಅದರಲ್ಲಿದೆ. ಡಿಜಿಟಲ್ ಬಂತು, ಸರಿ. ಆದರೆ ಹಳೆಯವು? ನಾನಿದ್ದ ಕಡೆ ಮುರಿದ ಕುರ್ಚಿಗಳ ಜೊತೆ ಸ್ಟೋರ್ ರೂಮಿನಲ್ಲಿ ಬಿದ್ದಿದ್ದವು.

ಅವು ಗುಜರಿಗೆ ಹೋಗುವ ಮೊದಲು ಒಂದು ದಿನ ಗೊತ್ತು ಮಾಡಿ, ಜಿಲ್ಲೆಯ ಎಲ್ಲ ಆಸ್ಪತ್ರೆಗಳಿಂದ ಎತ್ತಿಸಿ. ಅಲ್ಲಿಯವರೆಗೆ ಪ್ರತಿ ಕೇಂದ್ರದಲ್ಲೂ ಕೈಗವಸು, ದಪ್ಪ ರಟ್ಟು, ಡ್ರಾಪರ್, ಸ್ವಲ್ಪ ನೀರಿರುವ ಮುಚ್ಚಳದ ಬಾಟಲಿ ಇಡಿಸಿ. ಜಾಸ್ತಿ ಖರ್ಚೇನಿಲ್ಲ. ಚೆಲ್ಲಿದರೆ ಕಿಟಕಿ ತೆಗೆಯಬೇಕು, ರೋಗಿಗಳನ್ನು ಹೊರಗೆ ಕಳಿಸಬೇಕು, ಕಸಬರಿಗೆ ಮುಟ್ಟಬಾರದು. ಇದನ್ನು ಡಾಕ್ಟರಿಗಲ್ಲ, ಆಯಾಗಳಿಗೆ ತೋರಿಸಿಕೊಡಿ. ಸುಮ್ನೆ ಸುತ್ತೋಲೆ ಅಂಟಿಸಬೇಡಿ. ಕಾರವಾರದ ಕಡೆಯಾದರೆ ಕೊಂಕಣಿಯಲ್ಲೂ ಹೇಳಿಸಿ.

ಇಂತಿ,
ಒಬ್ಬ ನಿವೃತ್ತ ನರ್ಸ್