ವಿಕಾಸದ ಚರಿತ್ರೆಯಲ್ಲಿ ಅಲನ್ ವಿಲ್ಸನ್ ಅವರಿಗೂ ಸ್ಥಾನವಿರಲಿ

ಮಾನ್ಯ ಸಂಪಾದಕರೇ,

ಮನುಷ್ಯನ ವಿಕಾಸವನ್ನು ಕುರಿತು ಪತ್ರಿಕೆಗಳಲ್ಲಿ ಬರುವ ಲೇಖನಗಳು ಬಹುಮಟ್ಟಿಗೆ ತಲೆಬುರುಡೆ, ದವಡೆ, ಹಲ್ಲುಗಳ ಪಳೆಯುಳಿಕೆಗಳನ್ನೇ ಆಧರಿಸಿರುತ್ತವೆ. ಅದೇ ಪ್ರಶ್ನೆಗೆ ಪ್ರಯೋಗಾಲಯದಲ್ಲಿ ಉತ್ತರ ಹುಡುಕಿದ ಜೀವರಸಾಯನ ವಿಜ್ಞಾನಿ ಅಲನ್ ವಿಲ್ಸನ್ ಅವರ ಹೆಸರು ಕಾಣಸಿಗುವುದು ಅಪರೂಪ.

1934ರಲ್ಲಿ ನ್ಯೂಜಿಲೆಂಡ್‌ನಲ್ಲಿ ಜನಿಸಿದ ಅವರು ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ 1961ರಲ್ಲಿ ಡಾಕ್ಟರೇಟ್ ಪಡೆದು, ಮುಂದೆ ಅಲ್ಲಿಯೇ ಪ್ರಾಧ್ಯಾಪಕರಾದರು. 1967ರಲ್ಲಿ ವಿನ್ಸೆಂಟ್ ಸಾರಿಚ್ ಅವರೊಂದಿಗೆ ನಡೆಸಿದ ಅಧ್ಯಯನದಲ್ಲಿ ಅವರು ರಕ್ತದ ಆಲ್ಬುಮಿನ್ ಎಂಬ ಪ್ರೊಟೀನನ್ನೇ ಕಾಲಮಾಪಕವಾಗಿ ಬಳಸಿದರು. ಮನುಷ್ಯನ ಆಲ್ಬುಮಿನ್ ಅನ್ನು ಮೊಲಕ್ಕೆ ಚುಚ್ಚಿದಾಗ ಅದರ ದೇಹದಲ್ಲಿ ಆ ಹೊರಗಿನ ಪ್ರೊಟೀನನ್ನು ಗುರುತಿಸಿ ಅಂಟಿಕೊಳ್ಳುವ ಪ್ರತಿಕಾಯಗಳು ಹುಟ್ಟುತ್ತವೆ. ಅವು ಚಿಂಪಾಂಜಿಯ ಆಲ್ಬುಮಿನ್‌ನೊಂದಿಗೆ ಎಷ್ಟರ ಮಟ್ಟಿಗೆ ಪ್ರತಿಕ್ರಿಯಿಸುತ್ತವೆ ಎಂಬುದನ್ನು ಅಳೆದರೆ ಎರಡು ಪ್ರೊಟೀನುಗಳ ಅಂತರ ತಿಳಿಯುತ್ತದೆ. ಈ ಅಂತರ ಹೆಚ್ಚುಕಡಿಮೆ ಒಂದೇ ಗತಿಯಲ್ಲಿ ಬೆಳೆಯುತ್ತದೆ ಎಂದು ಪರಿಗಣಿಸಿ ಲೆಕ್ಕ ಹಾಕಿದ ಅವರು, ಮನುಷ್ಯ ಮತ್ತು ಚಿಂಪಾಂಜಿಯ ವಂಶಗಳು ಬೇರ್ಪಟ್ಟು ಸುಮಾರು 50 ಲಕ್ಷ ವರ್ಷಗಳಷ್ಟೇ ಆಗಿವೆ ಎಂದರು. ಶಿವಾಲಿಕ್ ಬೆಟ್ಟಗಳಲ್ಲಿ ದೊರೆತ ರಾಮಾಪಿಥೆಕಸ್ ಎಂಬ ಪುರಾತನ ವಾನರನ ದವಡೆಯ ತುಣುಕುಗಳನ್ನು ನೋಡಿ, ಕೋಟಿ ವರ್ಷಕ್ಕೂ ಹಿಂದೆಯೇ ನಮ್ಮ ವಂಶ ಕವಲೊಡೆದಿತ್ತೆಂದು ನಂಬಿದ್ದ ತಜ್ಞರು ಇದನ್ನು ಒಪ್ಪಲಿಲ್ಲ. ಮುಂದೆ ಪಾಕಿಸ್ತಾನದಲ್ಲಿ ಸಿಕ್ಕ ಹೆಚ್ಚು ಪೂರ್ಣವಾದ ಪಳೆಯುಳಿಕೆಗಳು ಆ ಜೀವಿ ಒರಾಂಗುಟಾನ್‌ಗೆ ಹತ್ತಿರದ್ದೆಂದು ತೋರಿಸಿದಾಗ ವಿರೋಧ ತಣ್ಣಗಾಯಿತು. ಪಳೆಯುಳಿಕೆಗಳ ಅಧ್ಯಯನಕ್ಕೂ ಇದರಿಂದ ಒಳ್ಳೆಯದೇ ಆಯಿತೆಂದು ನಾನು ಭಾವಿಸುತ್ತೇನೆ.

1883ರಲ್ಲಿ ಅಳಿದುಹೋದ ಕ್ವಾಗಾ ಎಂಬ ಪ್ರಾಣಿಯ ಒಣಗಿದ ಚರ್ಮದಿಂದ ಡಿಎನ್‌ಎ ಪಡೆದದ್ದೂ ಅವರ ಪ್ರಯೋಗಾಲಯವೇ. ಆದರೆ ಹೆಚ್ಚು ಚರ್ಚೆಗೆ ಒಳಗಾದದ್ದು 1987ರ ಸಂಶೋಧನೆ. ರೆಬೆಕಾ ಕ್ಯಾನ್, ಮಾರ್ಕ್ ಸ್ಟೋನ್‌ಕಿಂಗ್ ಮತ್ತು ವಿಲ್ಸನ್ ಅವರು ಭೂಮಿಯ ಬೇರೆ ಬೇರೆ ಭಾಗಗಳ ಮೂಲದ 147 ಜನರ ಮೈಟೊಕಾಂಡ್ರಿಯಾ ಡಿಎನ್‌ಎಯನ್ನು (ಜೀವಕೋಶದ ಶಕ್ತಿಕೇಂದ್ರದಲ್ಲಿರುವ, ತಾಯಿಯಿಂದಷ್ಟೇ ಬರುವ ಡಿಎನ್‌ಎ) ಹೋಲಿಸಿ, ಅದೆಲ್ಲದರ ಮೂಲ ಸುಮಾರು 2 ಲಕ್ಷ ವರ್ಷಗಳ ಹಿಂದೆ, ಬಹುಶಃ ಆಫ್ರಿಕಾದಲ್ಲಿ, ಬದುಕಿದ್ದ ಒಬ್ಬ ಮಹಿಳೆಯಲ್ಲಿದೆ ಎಂದು ತೀರ್ಮಾನಿಸಿದರು. ಆಕೆಗೆ ಬೈಬಲ್‌ನ ಮೊದಲ ಹೆಣ್ಣಾದ ‘ಈವ್’ಳ ಹೆಸರು ಅಂಟಿಕೊಂಡದ್ದರಿಂದ, ಆಕೆಯೇ ಜಗತ್ತಿನ ಮೊದಲ ಹೆಣ್ಣು ಎಂಬ ತಪ್ಪು ಕಲ್ಪನೆ ಹರಡಿದೆ. ಆಕೆಯ ಕಾಲದಲ್ಲಿ ಬೇರೆ ಹೆಂಗಸರೂ ಇದ್ದರು. ಅವರ ಇತರ ವಂಶವಾಹಿಗಳು ನಮ್ಮಲ್ಲಿ ಉಳಿದಿರಬಹುದು. ತಾಯಿಯಿಂದ ಮಗಳಿಗೆ ಸಾಗುವ ಮೈಟೊಕಾಂಡ್ರಿಯಾದ ಎಳೆ ಮಾತ್ರ ಎಲ್ಲೋ ತುಂಡಾಗಿದೆ.

ವಿಲ್ಸನ್ 1991ರಲ್ಲಿ, 56ನೇ ವಯಸ್ಸಿನಲ್ಲಿ, ರಕ್ತದ ಕ್ಯಾನ್ಸರ್‌ನಿಂದ ತೀರಿಕೊಂಡರು. ವಿಕಾಸದ ಬಗ್ಗೆ ಮುಂದೆ ಲೇಖನ ಪ್ರಕಟಿಸುವಾಗ ಅವರ ಕೆಲಸವನ್ನೂ ಪರಿಚಯಿಸಬೇಕು, ‘ಮೊದಲ ಹೆಣ್ಣು’ ಎಂಬ ಮಾತನ್ನು ಶೀರ್ಷಿಕೆಗಳಿಂದಲಾದರೂ ಕೈಬಿಡಬೇಕು ಎಂದು ವಿನಂತಿಸುತ್ತೇನೆ.

– ಒಬ್ಬ ವಿಜ್ಞಾನಾಸಕ್ತ ಓದುಗ