ಗೋಡೆಯ ಪದರ ಓದಿ ಬರೆ

ಪ್ರೀತಿಯ ತಂಗಿ,

ನಿನ್ನ ಲೇಖನ ಓದಿದೆ. ರೋಮ್‌ನ ಸಾಂತಾ ಮರಿಯಾ ಆಂಟಿಕ್ವಾ ಚರ್ಚಿನ ಚಿತ್ರಗಳ ಬಗ್ಗೆ ನೀನು ಬರೆಯಲು ಹೊರಟಿದ್ದು ನಿಜಕ್ಕೂ ಖುಷಿಯಾಯಿತು. ಆದರೆ ಮೊದಲ ಪುಟದ ತುಂಬ ಅದ್ಭುತ, ದಿವ್ಯ, ಅಲೌಕಿಕ ಅಂತ ಸುರಿದಿದ್ದೀಯ. ಅವನ್ನೆಲ್ಲ ತೆಗೆದುಬಿಡು. ಓದುವವರಿಗೆ ಮೊದಲು ಗೋಡೆ ಕಾಣಿಸಲಿ.

ಬಲಿಪೀಠದ ಹಿಂದಿನ ಕಮಾನಿನ ಪಕ್ಕದ ಗೋಡೆಯನ್ನೇ ತಗೋ. ಅಲ್ಲಿ ಒಂದರ ಮೇಲೊಂದು ಗಾರೆ ಬಳಿದು, ಸುಮಾರು ಇನ್ನೂರು ವರ್ಷ ಚಿತ್ರ ಬರೆದಿದ್ದಾರೆ. ಎಲ್ಲಕ್ಕಿಂತ ಕೆಳಗೆ 6ನೇ ಶತಮಾನದಲ್ಲಿ ಬರೆದ, ಯೇಸುವಿನ ತಾಯಿ ಮರಿಯಾ: ರಾಣಿಯ ಹಾಗೆ ಕಿರೀಟ, ಮುತ್ತಿನ ಒಡವೆ, ಮಡಿಲಲ್ಲಿ ಮಗು. ಅಕ್ಕಪಕ್ಕ ಇದ್ದ ದೇವದೂತರಲ್ಲಿ ಈಗ ಉಳಿದಿರುವುದು ಒಬ್ಬನೇ. ಆಮೇಲೆ ಕಮಾನು ಕಟ್ಟಲು ಗೋಡೆ ಒಡೆದಾಗ ಇನ್ನೊಬ್ಬ ಹೋದ. ಅದರ ಮೇಲಿನ ಪದರದಲ್ಲಿ ಮರಿಯಾಳಿಗೆ ಸುದ್ದಿ ತಂದ ದೇವದೂತನ ಮುಖ. ಗೆರೆ ಎಳೆದು ತುಂಬಿದ ಮುಖ ಅಲ್ಲ ಅದು. ಬೆಳಕು, ನೆರಳು ಎರಡನ್ನೂ ಬರೀ ಕುಂಚದಲ್ಲೇ ತಂದಿದ್ದಾರೆ. ನನಗಂತೂ ಇಡೀ ಚರ್ಚಿನಲ್ಲಿ ಇದಕ್ಕಿಂತ ಚೆಂದದ್ದು ಇಲ್ಲ.

ಹೊಸ ಗಾರೆ ಹಿಡಿಯಬೇಕಲ್ವಾ? ಅದಕ್ಕೇ ಹಳೆಯ ಚಿತ್ರದ ಮೇಲೆ ಕಚ್ಚು ಹೊಡೆದಿದ್ದಾರೆ. ಆ ಗುಳಿಗಳು ಈಗಲೂ ಕಾಣುತ್ತವೆ. ನೀನು ಅವನ್ನು 'ಕಾಲದ ಗಾಯ' ಅಂದಿದ್ದೀಯ. ಹಾಗಲ್ಲ, ಅದು ಗಾರೆಯವನ ಕೆಲಸ. ಸುಣ್ಣದ ಗಾರೆ ಹಸಿಯಾಗಿರುವಾಗಲೇ ನೀರಲ್ಲಿ ಕಲಸಿದ ಬಣ್ಣ ಹಚ್ಚಬೇಕು. ಸುಣ್ಣ ಗಾಳಿಯಿಂದ ಇಂಗಾಲದ ಡೈಆಕ್ಸೈಡ್ ಎಳೆದುಕೊಂಡು ಕಲ್ಲಾಗುತ್ತದೆ, ಬಣ್ಣ ಅದರೊಳಗೇ ಸಿಕ್ಕಿಕೊಳ್ಳುತ್ತದೆ. ಇಷ್ಟು ಬರೆದರೆ ಸಾಕು, ಆ ಬಣ್ಣ ಇಷ್ಟು ಶತಮಾನ ಹೇಗೆ ಬಾಳಿತು ಅಂತ ಯಾರಿಗೂ ಬೇರೆ ಹೇಳಬೇಕಿಲ್ಲ.

ನಿನ್ನ ಲೇಖನದಲ್ಲಿ ನಾನು ಜಾಸ್ತಿ ಹುಡುಕಿದ್ದು, ಸಿಗದೇ ಹೋದದ್ದು ಒಂದೇ: ಇಸವಿ ಗೊತ್ತಾಗಿದ್ದು ಹೇಗೆ? ಸುಮ್ನೆ '7ನೇ ಶತಮಾನ' ಅಂದುಬಿಟ್ಟಿದ್ದೀಯ. ದೇವದೂತನ ಚಿತ್ರದ ನಂತರ ಬಳಿದ ಪದರದಲ್ಲಿ ನಿಂತ ಧರ್ಮಗುರುಗಳ ಕೈಯಲ್ಲಿ ಗ್ರೀಕ್ ಬರಹದ ಸುರುಳಿಗಳಿವೆ, ನೋಡು. ಅಲ್ಲಿರುವ ಮಾತುಗಳು 649ರಲ್ಲಿ ಪೋಪ್ ಮಾರ್ಟಿನ್ ರೋಮ್‌ನ ಲ್ಯಾಟರನ್‌ನಲ್ಲಿ ನಡೆಸಿದ ಧರ್ಮಸಭೆಯಲ್ಲಿ ಓದಿದವು. ಕ್ರಿಸ್ತನಿಗೆ ಇದ್ದ ಇಚ್ಛೆ ಒಂದೋ, ದೇವರದೊಂದು ಮನುಷ್ಯನದೊಂದು ಅಂತ ಎರಡೋ ಅನ್ನುವುದು ಆಗಿನ ದೊಡ್ಡ ಜಗಳ. ಆ ಮಾತೇ ಎತ್ತಬೇಡಿ ಅಂತ ಆಗ ರೋಮ್‌ ಮೇಲೂ ಅಧಿಕಾರವಿದ್ದ ಬೈಜಾಂಟಿಯಂ ಚಕ್ರವರ್ತಿ ಎರಡನೇ ಕಾನ್‌ಸ್ಟಾನ್ಸ್ ಅಪ್ಪಣೆ ಮಾಡಿದ್ದ. ಸಭೆ ಎರಡು ಇಚ್ಛೆ ಅಂತ ತೀರ್ಮಾನಿಸಿತು. ಮಾರ್ಟಿನ್‌ನನ್ನು 653ರಲ್ಲಿ ಹಿಡಿದೊಯ್ದರು, 655ರಲ್ಲಿ ಅವನು ಗಡೀಪಾರಿನಲ್ಲೇ ಸತ್ತ. ಅಂದರೆ ಚಕ್ರವರ್ತಿ ಬಾಯಿ ಮುಚ್ಚಿಸಿದ ಮಾತನ್ನು ರೋಮ್‌ನವರು ಗೋಡೆಯ ಮೇಲೆ ಗ್ರೀಕ್‌ನಲ್ಲೇ ಬರೆಸಿದರು. ಇಂಥ ಕತೆ ಕೈಯಲ್ಲಿದ್ದೂ ನೀನು ಅರ್ಧ ಪುಟ 'ಮೌನ ಸೌಂದರ್ಯ'ಕ್ಕೆ ಕೊಟ್ಟಿದ್ದೀಯಲ್ಲ!

ಚರ್ಚನ್ನು ಮುಚ್ಚಿಹಾಕಿದ 847ರ ಭೂಕಂಪ, ಅದನ್ನು ಹೊರತೆಗೆದ 1900ರ ಅಗೆತದ ವಿಷಯ ಎರಡು ಸಾಲಲ್ಲಿ ಮುಗಿಸು, ಅದು ಎಲ್ಲ ಕಡೆ ಸಿಗುತ್ತದೆ. ಬದಲಿಗೆ ಅದೇ ಚರ್ಚಿನೊಳಗಿನ ಸಣ್ಣ ಪ್ರಾರ್ಥನಾ ಕೋಣೆ, ಥಿಯೊಡೋಟಸ್ ಚಾಪೆಲ್‌ಗೆ ಜಾಗ ಕೊಡು. ಅಲ್ಲಿ ಪೋಪ್ ಜಕಾರಿಯಾಸ್ ತಲೆಯ ಹಿಂದಿನ ಪ್ರಭೆ ಚೌಕ, ಸಂತರದು ದುಂಡು. ಚಿತ್ರ ಬರೆಯುವಾಗ ಬದುಕಿದ್ದವರಿಗೆ ಚೌಕ ಹಾಕುತ್ತಿದ್ದರು. ಜಕಾರಿಯಾಸ್ ಪೋಪ್ ಆಗಿದ್ದುದು 741ರಿಂದ 752ರವರೆಗೆ. ಚಿತ್ರದ ಕಾಲವನ್ನು ಓದುಗರು ತಾವೇ ಲೆಕ್ಕ ಹಾಕಿಕೊಳ್ಳುವ ಹಾಗೆ ಆ ಭಾಗ ಬರೆದು ನನಗೆ ಕಳಿಸು.

ನಿನ್ನ ಅಕ್ಕ